ಐದು ರೆಡ್ ಇಂಕ್ ಎಂಟ್ರಿ, ಹದಿನಾಲ್ಕು ವರ್ಷದ ನೌಕರಿ: ಪಿಂಚಣಿ ಕೇಳಬಹುದಾ?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯವನು. ನನಗೆ 47 ವರ್ಷ. 1997ರ ಜನವರಿಯಲ್ಲಿ ಸೇನೆಗೆ ಸಿಪಾಯಿಯಾಗಿ ಸೇರಿದೆ. 2011ರ ಮಾರ್ಚ್‌ನಲ್ಲಿ ಮನೆಗೆ ಕಳಿಸಿದರು. ಒಟ್ಟು 14 ವರ್ಷ 2 ತಿಂಗಳು ಆಗಿತ್ತು. ನನ್ನ ಮೇಲೆ ಐದು ರೆಡ್ ಇಂಕ್ ಎಂಟ್ರಿ (ಶಿಕ್ಷೆ ಆದಾಗ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ನಮೂದು) ಇದ್ದವು. ನಾಲ್ಕು ಸಲ ರಜೆ ಮುಗಿದ ಮೇಲೂ ಊರಲ್ಲೇ ಉಳಿದಿದ್ದೆ: 17, 23, 41 ಮತ್ತು 62 ದಿನ. ಐದನೆಯದು ಕುಡಿದು ಗಲಾಟೆ ಮಾಡಿದ್ದಕ್ಕೆ. 62 ದಿನ ಉಳಿದದ್ದು ಅಪ್ಪನಿಗೆ ಲಕ್ವ ಹೊಡೆದಾಗ. ಅವರು ಆ ರಜೆಯಲ್ಲೇ ತೀರಿಕೊಂಡರು. ಶೋಕಾಸ್ ನೋಟಿಸ್ ಕೊಟ್ಟಿದ್ದರು, ಕ್ಲರ್ಕ್ ಟೈಪ್ ಮಾಡಿದ ಉತ್ತರಕ್ಕೆ ಸಹಿ ಹಾಕಿದೆ. ಗ್ರಾಚ್ಯುಟಿ, ಫಂಡ್ ದುಡ್ಡು ಬಂತು. ಪಿಂಚಣಿ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ. ಈಗ ಸೆಕ್ಯೂರಿಟಿ ಕೆಲಸ ಮಾಡುತ್ತೇನೆ. ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಅಮೆರಿಕದಲ್ಲಿ ಇಂಥವರ ಡಿಸ್ಚಾರ್ಜನ್ನು 'ಅಪ್‌ಗ್ರೇಡ್' ಮಾಡಿಕೊಡುತ್ತಾರೆ ಎಂದು ಮೊಬೈಲ್‌ನಲ್ಲಿ ನೋಡಿದೆ. ನಮ್ಮಲ್ಲೂ ಹಾಗೆ ಮಾಡಿಸಬಹುದಾ? ನಮ್ಮೂರಲ್ಲಿ ಇವತ್ತಿಗೂ 'ಮಿಲ್ಟ್ರಿಯಿಂದ ಓಡಿಸಿದವನು' ಅಂತಾರೆ.

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಐದು ಎಂಟ್ರಿಯಲ್ಲ, 'ಗ್ರಾಚ್ಯುಟಿ ಬಂತು' ಎಂಬ ಎರಡು ಪದ. ನೀವು ಅದನ್ನು ಸುಮ್ನೆ ಹೇಳಿಬಿಟ್ಟಿದ್ದೀರಿ. ನನಗೆ ಅದರಿಂದಲೇ ಅರ್ಧ ವಿಷಯ ಗೊತ್ತಾಯಿತು. ನಿಮ್ಮದು ಡಿಸ್ಮಿಸಲ್ (ವಜಾ) ಅಲ್ಲ, ಡಿಸ್ಚಾರ್ಜ್ (ಬಿಡುಗಡೆ).

ಊರಿನವರಿಗೆ ಎರಡೂ ಒಂದೇ. ಕಾನೂನಿಗೆ ಇವೆರಡರ ನಡುವೆ ಆಕಾಶ ಭೂಮಿಯಷ್ಟು ಅಂತರ. 1950ರ ಸೇನಾ ಕಾಯ್ದೆಯ 20ನೇ ಸೆಕ್ಷನ್ ಕೆಳಗೆ, ಅಥವಾ ಕೋರ್ಟ್ ಮಾರ್ಷಲ್ ಶಿಕ್ಷೆಯಾಗಿ, ವಜಾ ಆದವನಿಗೆ ಹಿಂದಿನ ಅಷ್ಟೂ ನೌಕರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಸೇನಾ ಪಿಂಚಣಿ ನಿಯಮಾವಳಿ ಹೇಳುವುದು ಇದನ್ನೇ. ಅಧಿಕಾರ ಇರುವವರ ವಿವೇಚನೆಯ ಮೇಲೆ, ತೀರಾ ಅಪರೂಪಕ್ಕೆ ಕೊಡಬಹುದು ಎಂಬ ಒಂದು ಸಣ್ಣ ಕಿಂಡಿ ಮಾತ್ರ ಅದರಲ್ಲಿದೆ. ಆದರೆ 22ನೇ ಸೆಕ್ಷನ್ ಮತ್ತು 1954ರ ಸೇನಾ ನಿಯಮಗಳ 13ನೇ ನಿಯಮದ ಕೆಳಗೆ ಡಿಸ್ಚಾರ್ಜ್ ಆದವನ ಹಕ್ಕು ಹಾಗೇ ಉಳಿಯುತ್ತದೆ. ಅವನು ಎಷ್ಟು ವರ್ಷ ದುಡಿದಿದ್ದಾನೋ ಅದಕ್ಕೆ ತಕ್ಕದ್ದು ಸಿಗಬೇಕು. ಹದಿನೈದು ವರ್ಷ ಮುಗಿದಿದ್ದರೆ ಪಿಂಚಣಿ, ಮುಗಿಯದಿದ್ದರೆ ಗ್ರಾಚ್ಯುಟಿ. ಹಾಗಾಗಿ ನಿಮಗೆ ಪಿಂಚಣಿ ತಪ್ಪಿದ್ದು ಕುಡಿದದ್ದಕ್ಕಲ್ಲ, ಹತ್ತು ತಿಂಗಳ ಕೊರತೆಗೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಅಮೆರಿಕದ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನೀವು ನೋಡಿದ್ದು ಸುಳ್ಳಲ್ಲ. ಅಲ್ಲಿ ಡಿಸ್ಚಾರ್ಜಿಗೇ ದರ್ಜೆಗಳಿವೆ. ಎಲ್ಲಕ್ಕಿಂತ ಮೇಲೆ 'ಆನರಬಲ್', ಎಲ್ಲಕ್ಕಿಂತ ಕೆಳಗೆ 'ಡಿಸ್‌ಆನರಬಲ್', ನಡುವೆ ಇನ್ನು ಮೂರು. ಕೆಳಗಿನ ದರ್ಜೆ ಸಿಕ್ಕವನು ಹದಿನೈದು ವರ್ಷದೊಳಗೆ ಮರುಪರಿಶೀಲನಾ ಮಂಡಳಿಗೆ ಅರ್ಜಿ ಹಾಕಿ ಮೇಲಿನ ದರ್ಜೆ ಕೇಳಬಹುದು. ಯುದ್ಧದಿಂದ ಮನಸ್ಸಿಗೆ ಪೆಟ್ಟು ಬಿದ್ದು ತಪ್ಪು ಮಾಡಿದವರ ಅರ್ಜಿಯನ್ನು ಉದಾರವಾಗಿ ನೋಡಿ ಎಂದು 2014ರಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಲಿಖಿತ ಸೂಚನೆ ಹೊರಡಿಸಿದರು. 2017ರಲ್ಲಿ ಅದನ್ನು ಇನ್ನಷ್ಟು ಬಿಡಿಸಿ ಬರೆದರು. ನಮ್ಮಲ್ಲಿ ಇಂಥ ಮಂಡಳಿಯೂ ಇಲ್ಲ, ಡಿಸ್ಚಾರ್ಜಿಗೆ ದರ್ಜೆಯೂ ಇಲ್ಲ. ನಮ್ಮ ಡಿಸ್ಚಾರ್ಜ್ ಬುಕ್ಕಿನಲ್ಲಿ ನಡತೆಗೆ ಒಂದು ಷರಾ ಇರುತ್ತದೆ: ಎಗ್ಸೆಂಪ್ಲರಿ, ವೆರಿ ಗುಡ್, ಗುಡ್, ಫೇರ್. ಅದನ್ನು ತಿದ್ದಿಸಲೆಂದು ಓಡಾಡಿ ಚಪ್ಪಲಿ ಸವೆಸಿದವರನ್ನು ನೋಡಿದ್ದೇನೆ. 'ಫೇರ್' ಹೋಗಿ 'ಗುಡ್' ಆದರೂ ಪಿಂಚಣಿ ಬರುವುದಿಲ್ಲ. ನಮ್ಮಲ್ಲಿ ಕೇಳಬೇಕಾದ್ದು ದರ್ಜೆಯನ್ನಲ್ಲ. ಡಿಸ್ಚಾರ್ಜ್ ಆದೇಶವೇ ಸರಿಯಾಗಿ ಆಗಿಲ್ಲ, ಅದನ್ನು ರದ್ದು ಮಾಡಿ, ಪಿಂಚಣಿಗೆ ಬೇಕಾದಷ್ಟು ಕಾಲ ನೌಕರಿಯಲ್ಲಿದ್ದೆ ಎಂದು ಲೆಕ್ಕ ಹಿಡಿಯಿರಿ ಎಂದು ಕೇಳಬೇಕು.

ಇಲ್ಲೇ ಎಲ್ಲರೂ ಎಡವುವುದು. ನಾನು ವಕೀಲನಾಗುವ ಮೊದಲು ಹದಿನೇಳು ವರ್ಷ ಒಂದು ರೆಕಾರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಹೀಗೆ ಮನೆಗೆ ಹೋದವರ ಅರ್ಜಿಗಳು ನನ್ನ ಮೇಜಿಗೇ ಬರುತ್ತಿದ್ದವು. ಹತ್ತರಲ್ಲಿ ಒಂಬತ್ತು ಒಂದೇ ರಾಗ. 'ನಾನು ಕುಡಿದೇ ಇರಲಿಲ್ಲ, ಸುಬೇದಾರ್ ಸಾಹೇಬರಿಗೆ ನನ್ನ ಕಂಡರೆ ಆಗುತ್ತಿರಲಿಲ್ಲ, ನನ್ನನ್ನು ಸಿಕ್ಕಿಸಿಹಾಕಿದರು.' ನಿಜವೇ ಇರಬಹುದು. ಆದರೆ ಆ ಶಿಕ್ಷೆಗಳೆಲ್ಲ ಸೇನಾ ಕಾಯ್ದೆಯ 80ನೇ ಸೆಕ್ಷನ್ ಕೆಳಗೆ ಸಿಒ (ಯೂನಿಟ್‌ನ ಕಮಾಂಡಿಂಗ್ ಆಫೀಸರ್) ಎದುರು ನಿಂತು, 'ಗಿಲ್ಟಿ' ಅಂದು, ಕ್ವಾರ್ಟರ್ ಗಾರ್ಡ್‌ನಲ್ಲಿ (ಯೂನಿಟ್‌ನ ಕಾವಲು ಕೋಣೆಯಲ್ಲಿ) ಅನುಭವಿಸಿ ಮುಗಿದವು. ಹದಿನೈದು ಇಪ್ಪತ್ತು ವರ್ಷದ ಮೇಲೆ ಅದನ್ನು ಕೆದಕಿದರೆ ಯಾವ ನ್ಯಾಯಪೀಠವೂ ಕಿವಿಗೊಡುವುದಿಲ್ಲ. ಐದು ಎಂಟ್ರಿ ಇದ್ದವು ಎಂದು ನೀವೇ ಒಪ್ಪಿಕೊಳ್ಳಿ. ಮೊದಲ ಪ್ಯಾರಾದಲ್ಲೇ ಒಪ್ಪಿಕೊಳ್ಳಿ. ನಿಮ್ಮ ಜಗಳ ಆ ಎಂಟ್ರಿಗಳ ಜೊತೆ ಅಲ್ಲ. ಆಮೇಲೆ ನಿಮ್ಮನ್ನು ಕಳಿಸಿದರಲ್ಲ, ಕಳಿಸುವ ಮುಂಚೆ ಅವರು ಮಾಡಬೇಕಾದ್ದನ್ನು ಮಾಡಿದರಾ ಅನ್ನುವುದರ ಬಗ್ಗೆ.

ಏನು ಮಾಡಬೇಕಿತ್ತು? ಬ್ಯಾರಕ್ಕಿನಲ್ಲಿ ಎಲ್ಲರೂ ನಂಬುವ ಒಂದು ಮಾತಿದೆ: 'ನಾಲ್ಕು ರೆಡ್ ಇಂಕ್ ಆಯ್ತಾ, ಟ್ರಂಕ್ ಕಟ್ಟು.' ನಾನೂ ಹಾಗೇ ನಂಬಿದ್ದೆ. ಆದರೆ ಸೇನಾ ಮುಖ್ಯ ಕಚೇರಿ 1988ರ ಡಿಸೆಂಬರ್ 28ರಂದು ಹೊರಡಿಸಿದ ನೀತಿ ಪತ್ರದಲ್ಲಿ ಹಾಗಿಲ್ಲ. ನಾಲ್ಕು ಎಂಟ್ರಿ ಆದ ಮಾತ್ರಕ್ಕೆ ಕಳಿಸಲೇಬೇಕು ಎಂದೇನೂ ಇಲ್ಲ ಎಂದು ಅದೇ ಹೇಳುತ್ತದೆ. ಮೊದಲು ಒಂದು ಪ್ರಾಥಮಿಕ ವಿಚಾರಣೆ ಆಗಬೇಕು. ಅದರಲ್ಲಿ ಅವನಿಗೆ ತನ್ನ ಮಾತು ಹೇಳಲು ಅವಕಾಶ ಸಿಗಬೇಕು. ಆಮೇಲೆ ಶೋಕಾಸ್ ನೋಟಿಸ್. ಒಂದೊಂದು ಎಂಟ್ರಿಯೂ ಎಂಥ ತಪ್ಪಿಗೆ ಬಂತು ಎಂದು ನೋಡಬೇಕು. ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗಗಳಲ್ಲಿ ಇದ್ದ ಎಂದು ನೋಡಬೇಕು. ಇನ್ನೊಂದು ಮಾತನ್ನು ಬಿಡಿಸಿಯೇ ಬರೆದಿದ್ದಾರೆ: ಪಿಂಚಣಿಯ ಹತ್ತಿರ ಬಂದವನ ಮೇಲೆ ಕಠಿಣವಾಗಬೇಡಿ. ಕಡೆಗೆ ಆದೇಶ ಕೊಡಬೇಕಾದ್ದೂ ಸಿಒ ಅಲ್ಲ. ನಿಮ್ಮಂಥ ಅಟೆಸ್ಟ್ ಆದ (ತರಬೇತಿ ಮುಗಿಸಿ ಪ್ರಮಾಣ ಮಾಡಿದ) ಜವಾನನನ್ನು ಹೀಗೆ ಕಳಿಸುವ ಅಧಿಕಾರ 13ನೇ ನಿಯಮದ ಪ್ರಕಾರ ಬ್ರಿಗೇಡ್ ಅಥವಾ ಸಬ್ ಏರಿಯಾ ಕಮಾಂಡರ್‌ಗೆ ಸೇರಿದ್ದು.

ಈ ಪತ್ರಕ್ಕೆ ಹಲ್ಲು ಬಂದದ್ದು 2015ರ ಅಕ್ಟೋಬರ್‌ನಲ್ಲಿ. ವೀರೇಂದ್ರ ಕುಮಾರ್ ದುಬೆ ಎಂಬ ಸೈನಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಎಂಟ್ರಿ ಎಣಿಸಿ ಮನೆಗೆ ಕಳಿಸುವುದು ತಪ್ಪು ಎಂದಿತು. 1988ರ ಪತ್ರದ ಪ್ರಕಾರ ವಿಚಾರಣೆ ಮಾಡಿಲ್ಲ, ಅದರಲ್ಲಿ ಹೇಳಿದ ಅಂಶಗಳನ್ನು ತೂಗಿ ನೋಡಿಲ್ಲ ಎಂದು ಡಿಸ್ಚಾರ್ಜ್ ರದ್ದು ಮಾಡಿತು. ಅಷ್ಟು ಹೊತ್ತಿಗೆ ಅವರನ್ನು ಮತ್ತೆ ಸಮವಸ್ತ್ರ ಹಾಕಿಸಿ ನಿಲ್ಲಿಸುವ ಕಾಲ ದಾಟಿಹೋಗಿತ್ತು. ಹಾಗಾಗಿ ಕೋರ್ಟ್ ಒಂದು ನಡುದಾರಿ ಹಿಡಿಯಿತು. ಪಿಂಚಣಿಗೆ ಬೇಕಾದ ಅವಧಿ ಮುಗಿಯುವವರೆಗೂ ಅವರು ನೌಕರಿಯಲ್ಲಿದ್ದರು ಎಂದು ಲೆಕ್ಕ ಹಿಡಿಯಿರಿ, ಆ ಅವಧಿಯ ಸಂಬಳ ಇಲ್ಲ, ಪಿಂಚಣಿ ಕೊಡಿ ಎಂದಿತು. ನೀವು ಕೇಳಬೇಕಾದ್ದು ಇದೇ. ಇದಕ್ಕಿಂತ ಜಾಸ್ತಿ ಆಸೆ ಬೇಡ.

ಆದರೆ ಒಂದೇ ಕಡೆಯ ಮಾತು ಹೇಳಿ ನಿಮ್ಮನ್ನು ಹುರಿದುಂಬಿಸಿದರೆ ಅದು ಮೋಸವಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಸಿಪಾಯಿ ಸತ್ಗುರ್ ಸಿಂಗ್ ಅವರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಉಲ್ಟಾ ಹೇಳಿತು. ಅವರದ್ದೂ ನಿಮ್ಮ ಹಾಗೆ ಗೈರುಹಾಜರಾಗುವ ಚಾಳಿ, ಹಲವು ಎಂಟ್ರಿ. ವಿಚಾರಣೆ ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ ಥರ ಸಾಕ್ಷಿ ಕರೆಸಿಯೇ ಆಗಬೇಕು ಎಂದೇನಿಲ್ಲ, ನೋಟಿಸ್ ಕೊಟ್ಟಿದ್ದಾರೆ, ಉತ್ತರದಲ್ಲಿ ಇವರು ಸರಿಯಾದ ಕಾರಣ ಹೇಳಿಲ್ಲ ಎಂದು ಅರ್ಜಿ ವಜಾ ಆಯಿತು. ನಿಮ್ಮ ಎದುರು ಪಕ್ಷದ ಸರ್ಕಾರಿ ವಕೀಲರು ಮೊದಲು ಎತ್ತಿ ತೋರಿಸುವುದು ಇದನ್ನೇ. ಹಾಗಾಗಿ ನಿಮ್ಮ ಪ್ರಕರಣ ದುಬೆಯವರ ದಾರಿ ಹಿಡಿಯುತ್ತದೋ ಸತ್ಗುರ್ ಸಿಂಗ್ ಅವರ ದಾರಿ ಹಿಡಿಯುತ್ತದೋ ಅನ್ನುವುದು ಒಂದು ಕಾಗದದ ಮೇಲೆ ನಿಂತಿದೆ. ಆ ಕ್ಲರ್ಕ್ ಟೈಪ್ ಮಾಡಿದ ಉತ್ತರ.

ಆ ಉತ್ತರ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನೇ ಎಷ್ಟೋ ನೋಡಿದ್ದೇನೆ. ಅರ್ಧ ಪುಟ ಇಂಗ್ಲಿಷ್. 'ನಾನು ತಪ್ಪು ಮಾಡಿದ್ದೇನೆ, ಇನ್ನು ಮುಂದೆ ಮಾಡುವುದಿಲ್ಲ, ದಯವಿಟ್ಟು ಒಂದು ಅವಕಾಶ ಕೊಡಿ.' ಕೆಳಗೆ ಸಹಿ. ಅಪ್ಪನ ಲಕ್ವ ಅದರಲ್ಲಿ ಇರುವುದಿಲ್ಲ. ಎಷ್ಟು ವರ್ಷ ಕಾಶ್ಮೀರದಲ್ಲಿದ್ದೆ ಎಂಬುದೂ ಇರುವುದಿಲ್ಲ. ಟೈಪ್ ಮಾಡಿದವನು ಕೆಟ್ಟವನಲ್ಲ. ಅವನ ಹತ್ತಿರ ಒಂದು ನಮೂನೆ ಇತ್ತು, ಹೆಸರು ನಂಬರ್ ಬದಲಿಸಿ ಕೊಟ್ಟ. ನಿಮ್ಮ ಉತ್ತರದಲ್ಲಿ ಅಪ್ಪನ ವಿಷಯ ಒಂದೇ ಒಂದು ಸಾಲು ಇದ್ದರೂ ನಿಮ್ಮ ಬಲ ದುಪ್ಪಟ್ಟು. ಯಾಕೆಂದರೆ ನೀವು ಕಾರಣ ಹೇಳಿದಿರಿ, ಅವರು ಅದನ್ನು ನೋಡದೆ ಆದೇಶ ಮಾಡಿದರು ಎಂದು ತೋರಿಸಬಹುದು. ಇಲ್ಲದಿದ್ದರೆ ಪ್ರಾಥಮಿಕ ವಿಚಾರಣೆಯ ಕಾಗದ ಇದೆಯಾ, ಅದರಲ್ಲಿ ನಿಮ್ಮ ಹೇಳಿಕೆ ಇದೆಯಾ ಎಂದು ಹುಡುಕಬೇಕು.

ಹುಡುಕುವುದು ಎಲ್ಲಿ? ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ, ಎಂಇಜಿಯವರಾದರೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಆರ್ಟಿಲರಿಯಾದರೆ ನಾಸಿಕ್ ರೋಡ್, ಸಿಗ್ನಲ್ಸ್ ಆದರೆ ಜಬಲ್ಪುರ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕೇಳಿ. ಸುಮ್ನೆ 'ನನ್ನ ಎಲ್ಲ ದಾಖಲೆ ಕೊಡಿ' ಎಂದು ಬರೆಯಬೇಡಿ. ಹಾಗೆ ಬರೆದರೆ ಡಿಸ್ಚಾರ್ಜ್ ಬುಕ್ಕಿನ ನಕಲು ಕಳಿಸಿ ಕೈ ತೊಳೆದುಕೊಳ್ಳಬಹುದು. ಒಂದೊಂದನ್ನೂ ಹೆಸರು ಹಿಡಿದು ಕೇಳಿ: ಶೀಟ್ ರೋಲ್ (ನಿಮ್ಮ ಸೇವಾ ವಿವರದ ದಾಖಲೆ), ಕಂಡಕ್ಟ್ ಶೀಟ್ (ಶಿಕ್ಷೆಗಳ ಪಟ್ಟಿ), ಪ್ರಾಥಮಿಕ ವಿಚಾರಣೆಯ ನಡಾವಳಿ, ಶೋಕಾಸ್ ನೋಟಿಸ್, ಅದಕ್ಕೆ ನಿಮ್ಮ ಉತ್ತರ, ಸಿಒ ಮಾಡಿದ ಶಿಫಾರಸು, ಬ್ರಿಗೇಡ್ ಕಮಾಂಡರ್ ಕೊಟ್ಟ ಆದೇಶ, ನಾಲ್ಕೂ ಸಲ ರಜೆ ಮೀರಿದ್ದಕ್ಕೆ ಹೊರಡಿಸಿದ ಪಾರ್ಟ್ ಟೂ ಆರ್ಡರ್ (ರಜೆ, ಗೈರುಹಾಜರಿಯಂಥದ್ದನ್ನು ದಾಖಲಿಸುವ ಯೂನಿಟ್ ಆದೇಶ). ಮೂವತ್ತು ದಿನದಲ್ಲಿ ಉತ್ತರ ಬರಬೇಕು. 'ಪ್ರಾಥಮಿಕ ವಿಚಾರಣೆಯ ದಾಖಲೆ ಲಭ್ಯವಿಲ್ಲ' ಎಂದು ಬರೆದು ಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ, ಆ ಕಾಗದವನ್ನು ಜೋಪಾನವಾಗಿ ಎತ್ತಿಡಿ. ಅದು ನಿಮಗೆ ಸಿಕ್ಕ ಒಳ್ಳೆಯ ಸಾಕ್ಷಿ. ಇನ್ನೊಂದು ಮಾತು. ಪಿಂಚಣಿ ಇಲ್ಲದವರ ಕಡತಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ನಿಮ್ಮದು ಇನ್ನೂ ಇರಬೇಕು. ತಡ ಮಾಡಿದಷ್ಟೂ ನಿಮಗೇ ನಷ್ಟ.

ಪಾರ್ಟ್ ಟೂ ಆರ್ಡರ್ ಯಾಕೆ ಕೇಳಿದೆ ಎಂದರೆ, ಅದರಲ್ಲಿ ನಿಮಗೆ ಎರಡನೇ ಬಾಗಿಲು ಇದೆ. ಇದನ್ನು ನಿಧಾನವಾಗಿ ಓದಿ, ಬೇಕಾದರೆ ಪೆನ್ನು ಹಿಡಿದುಕೊಳ್ಳಿ.

ಪಿಂಚಣಿಗೆ ಹದಿನೈದು ವರ್ಷ ಬೇಕು. ಕೊರತೆ ಹನ್ನೆರಡು ತಿಂಗಳ ಒಳಗಿದ್ದರೆ ಅದನ್ನು ಮನ್ನಾ ಮಾಡುವ ಅವಕಾಶ ನಿಯಮದಲ್ಲಿದೆ. ಕಂಡೊನೇಶನ್ ಅನ್ನುತ್ತಾರೆ. ನಿಮ್ಮ ಲೆಕ್ಕದಲ್ಲಿ ಕೊರತೆ ಹತ್ತೇ ತಿಂಗಳು, ಹಾಗಾದರೆ ಅರ್ಜಿ ಹಾಕಿದರೆ ಮುಗಿಯಿತು ಅನ್ನಿಸಬಹುದು, ಅಲ್ವಾ? ತಡೆಯಿರಿ. ರಜೆ ಮೀರಿ ಇದ್ದ ದಿನಗಳಿಗೆ ಸಂಬಳ ಕೊಟ್ಟಿಲ್ಲ ಅಂದರೆ ಆ ದಿನಗಳು ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ. 17, 23, 41, 62 ಕೂಡಿಸಿ. 143 ದಿನ. ಹತ್ತಿರ ಹತ್ತಿರ ನಾಲ್ಕು ತಿಂಗಳು 23 ದಿನ. ಅಷ್ಟನ್ನು ಕಳೆದರೆ ನಿಮ್ಮ ನೌಕರಿ 14 ವರ್ಷ 2 ತಿಂಗಳು ಅಲ್ಲ, 13 ವರ್ಷ 9 ತಿಂಗಳು ಚಿಲ್ಲರೆ. ಕೊರತೆ ಹದಿನಾಲ್ಕು ತಿಂಗಳ ಮೇಲಾಯಿತು. ಬಾಗಿಲು ಮುಚ್ಚಿತು.

ಈಗ ಇನ್ನೊಂದು ರೀತಿ ಲೆಕ್ಕ ಹಾಕೋಣ. ಎಷ್ಟೋ ಸಲ ರಜೆ ಮೀರಿದ ದಿನಗಳನ್ನು ಆಮೇಲೆ ಯೂನಿಟ್‌ನವರೇ ಮುಂದಿನ ವರ್ಷದ ರಜೆಯಲ್ಲಿ ಹೊಂದಿಸಿ ಸರಿಮಾಡಿರುತ್ತಾರೆ. ಶಿಕ್ಷೆ ಶಿಕ್ಷೆಯ ಪಾಡಿಗೆ ಇರುತ್ತದೆ, ದಿನಗಳು ಮಾತ್ರ ರಜೆ ಆಗಿಬಿಟ್ಟಿರುತ್ತವೆ. ಜವಾನನಿಗೆ ಇದು ಗೊತ್ತೇ ಇರುವುದಿಲ್ಲ. ನಿಮ್ಮ 41 ಮತ್ತು 62 ದಿನಗಳನ್ನು ಹಾಗೆ ಹೊಂದಿಸಿದ್ದರೆ ಕಳೆದುಹೋಗುವುದು 40 ದಿನ ಮಾತ್ರ. ಆಗ ನಿಮ್ಮ ನೌಕರಿ 14 ವರ್ಷ 20 ದಿನ, ಕೊರತೆ 11 ತಿಂಗಳು 10 ದಿನ. ಹನ್ನೆರಡರೊಳಗೆ ಬಂತು! ಎರಡು ಪಾರ್ಟ್ ಟೂ ಆರ್ಡರ್ ಏನು ಹೇಳುತ್ತವೆ ಎನ್ನುವುದರ ಮೇಲೆ ನಿಂತಿರುವ ಲೆಕ್ಕ ಇದು. ಹಾಗಂತ ಕಂಡೊನೇಶನ್ ಹಕ್ಕಲ್ಲ, ಅವರ ವಿವೇಚನೆ. ನಡತೆಯ ಕಾರಣಕ್ಕೆ ಹೋದವನಿಗೆ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆದರೂ ಅರ್ಜಿಯಲ್ಲಿ ಎರಡನೇ ಕೋರಿಕೆಯಾಗಿ ಇದನ್ನು ಬರೆಯಿರಿ. ಮೊದಲನೆಯದು ಡಿಸ್ಚಾರ್ಜ್ ರದ್ದು ಮಾಡಿ ಎಂಬುದು. ಅದು ಆಗದಿದ್ದರೆ ಕೊರತೆ ಮನ್ನಾ ಮಾಡಿ ಎಂಬುದು.

ತಡವಾದದ್ದರ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮ ದೊಡ್ಡ ಕಷ್ಟ ಅದೇ. ಸೇನೆಯವರ ನೌಕರಿ ವ್ಯಾಜ್ಯಕ್ಕೆ 2007ರ ಕಾಯ್ದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಎಎಫ್‌ಟಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. 2009ರ ಆಗಸ್ಟಿನಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ ಪೀಠ ಇಲ್ಲ, ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿದೆ. (ಇಷ್ಟು ಜನ ಸೈನಿಕರಿರುವ ರಾಜ್ಯಕ್ಕೆ ಒಂದು ಪೀಠ ಇಲ್ಲವೇ ಎಂದು ಪ್ರತಿ ಸಲ ರೈಲು ಹತ್ತುವಾಗ ಗೊಣಗಿಕೊಳ್ಳುತ್ತೇನೆ.) ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ನಿಮಗೆ ಹದಿನಾಲ್ಕು ವರ್ಷ ಮೀರಿದೆ. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಇದೆ.

'ಪಿಂಚಣಿ ವಿಷಯಕ್ಕೆ ಕಾಲಮಿತಿಯೇ ಇಲ್ಲ' ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಅರ್ಧ ನಿಜ. 2008ರಲ್ಲಿ ತರ್ಸೇಮ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಬರಬೇಕಾದ ಪಿಂಚಣಿ ತಿಂಗಳು ತಿಂಗಳೂ ತಪ್ಪುತ್ತಿದ್ದರೆ ಅದು ಮುಂದುವರಿಯುತ್ತಿರುವ ಅನ್ಯಾಯ, ತಡವಾಗಿ ಬಂದರೂ ಕೇಳಬಹುದು, ಆದರೆ ಬಾಕಿ ಹಣ ಅರ್ಜಿ ಹಾಕಿದ ಹಿಂದಿನ ಮೂರು ವರ್ಷಕ್ಕೆ ಮಾತ್ರ. 1983ರಲ್ಲಿ ಸೇನೆ ಬಿಟ್ಟು 1999ರಲ್ಲಿ ಕೋರ್ಟಿಗೆ ಹೋದವರು ಅವರು. ನಿಮ್ಮದಕ್ಕೂ ಅದಕ್ಕೂ ಒಂದು ವ್ಯತ್ಯಾಸ ಇದೆ. ನಿಮಗೆ ಪಿಂಚಣಿ ಬರಬೇಕಾದರೆ ಮೊದಲು ಡಿಸ್ಚಾರ್ಜ್ ಆದೇಶ ಬೀಳಬೇಕು. ಆ ಆದೇಶ 2011ರಲ್ಲಿ ಒಂದೇ ಸಲ ಆಗಿ ಮುಗಿದದ್ದು, ತಿಂಗಳು ತಿಂಗಳೂ ಆಗುತ್ತಿರುವುದಲ್ಲ ಎಂದು ಸರ್ಕಾರದ ಕಡೆಯವರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಓಎ (ಮೂಲ ಅರ್ಜಿ) ಜೊತೆಗೆ, ಯಾಕೆ ತಡವಾಯಿತು ಎಂದು ಬೇರೆಯೇ ಎಂಎ (ಪೂರಕ ಅರ್ಜಿ) ಹಾಕಬೇಕು. 'ಕಾನೂನು ಗೊತ್ತಿರಲಿಲ್ಲ' ಎಂದಷ್ಟೇ ಬರೆದರೆ ನಡೆಯುವುದಿಲ್ಲ. ಕುಡಿತದಲ್ಲಿ ಕಳೆದ ವರ್ಷಗಳು, ಚಿಕಿತ್ಸೆ ಪಡೆದಿದ್ದರೆ ಅದರ ಚೀಟಿ, ಬಿಟ್ಟ ವರ್ಷ, ಮನೆಯ ಪರಿಸ್ಥಿತಿ, ನಡುವೆ ಯಾರಿಗಾದರೂ ಅರ್ಜಿ ಕೊಟ್ಟಿದ್ದರೆ ಅದರ ನಕಲು, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ. ನಾಚಿಕೆ ಬೇಡ.

ಕುಡಿತದ ಬಗ್ಗೆ ಇನ್ನೊಂದು ಪ್ರಶ್ನೆ. ನೌಕರಿಯಲ್ಲಿದ್ದಾಗ ಇದಕ್ಕಾಗಿ ಮಿಲಿಟರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಸೇರಿಸಿದ್ದರಾ? ಮೆಡಿಕಲ್ ಕೆಟಗರಿ ಇಳಿಸಿದ್ದರಾ? ಪತ್ರದಲ್ಲಿ ನೀವು ಬರೆದಿಲ್ಲ. ಸೇರಿಸಿದ್ದರೆ ಆ ಕಾಗದವೂ ಬೇಕು. ಕಾಯಿಲೆ ಎಂದು ತಾವೇ ಬರೆದವರು ಆಮೇಲೆ ಅದನ್ನು ಬರೀ ದುರ್ನಡತೆ ಎಂದು ಎಣಿಸಿದರು ಎಂದು ತೋರಿಸಬಹುದು.

ಎಎಫ್‌ಟಿಗೆ ನೇರ ಹೋಗುವ ಹಾಗಿಲ್ಲ. ಮೊದಲು ಸೇನೆಗೇ ಒಂದು ಅರ್ಜಿ ಕೊಡಬೇಕು. ಸೇನಾ ಮುಖ್ಯಸ್ಥರ ಹೆಸರಿಗೆ ಬರೆದು, ರೆಕಾರ್ಡ್ ಆಫೀಸಿಗೂ ಒಂದು ಪ್ರತಿ, ರಿಜಿಸ್ಟರ್ ಪೋಸ್ಟ್ ಅಥವಾ ಸ್ಪೀಡ್ ಪೋಸ್ಟ್. ರಸೀದಿ ಇಟ್ಟುಕೊಳ್ಳಿ. ಆರು ತಿಂಗಳು ಕಾಯಿರಿ. ತಿರಸ್ಕಾರ ಬಂದರೂ ಸರಿ, ಉತ್ತರವೇ ಬರದಿದ್ದರೂ ಸರಿ, ಆಮೇಲಿನ ಆರು ತಿಂಗಳಲ್ಲಿ ಎಎಫ್‌ಟಿಗೆ. ಈಗ ಅರ್ಜಿ ಕೊಟ್ಟ ಮಾತ್ರಕ್ಕೆ ಹಳೆಯ ತಡ ಅಳಿಸಿಹೋಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಅಲ್ಲೂ ಸೋತರೆ ಹೈಕೋರ್ಟಿಗೆ ರಿಟ್ ಹಾಕುವ ದಾರಿ ಮುಚ್ಚಿಲ್ಲ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆದರೆ ಅದು ಆಮೇಲಿನ ಮಾತು.

ಅರ್ಜಿಯ ಒಕ್ಕಣೆ ಹೇಗಿರಬೇಕು ಎಂದು ಕೇಳಿದರೆ, ನಾನಾದರೆ ಹೀಗೆ ಶುರು ಮಾಡುತ್ತೇನೆ: 'ನನಗೆ ಐದು ಶಿಕ್ಷೆಗಳಾಗಿವೆ, ಅವುಗಳನ್ನು ನಾನು ಪ್ರಶ್ನಿಸುತ್ತಿಲ್ಲ. ನಾಲ್ಕು ಶಿಕ್ಷೆ ರಜೆ ಮೀರಿದ್ದಕ್ಕೆ. ಪ್ರತಿ ಸಲವೂ ನಾನಾಗಿಯೇ ಯೂನಿಟ್‌ಗೆ ಮರಳಿದ್ದೇನೆ. ನನ್ನನ್ನು ಡಿಸ್ಚಾರ್ಜ್ ಮಾಡುವ ಮೊದಲು 28-12-1988ರ ಪತ್ರದಂತೆ ವಿಚಾರಣೆ ನಡೆದಿಲ್ಲ. ಆಗ ನನ್ನ ನೌಕರಿ 14 ವರ್ಷ ದಾಟಿತ್ತು.' ನಾನಾಗಿಯೇ ಮರಳಿದೆ ಎಂಬ ಮಾತು ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ ಮಾತ್ರ ಬರೆಯಿರಿ. ಪೊಲೀಸರು ಹಿಡಿದು ಕಳಿಸಿದ್ದರೆ ಅದು ಕಡತದಲ್ಲಿ ಇರುತ್ತದೆ. ಒಂದು ಸುಳ್ಳು ಸಿಕ್ಕರೆ ಉಳಿದ ನಿಜವೂ ಕೆಡುತ್ತದೆ.

ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಆದವರೂ ಇದನ್ನು ಓದುತ್ತಿರಬಹುದು. ಅವರ ದಾರಿ ಬೇರೆ. ಸೇನಾ ಕಾಯ್ದೆಯ 164ನೇ ಸೆಕ್ಷನ್ ಅರ್ಜಿ, ಆಮೇಲೆ ಎಎಫ್‌ಟಿಗೆ 2007ರ ಕಾಯ್ದೆಯ 15ನೇ ಸೆಕ್ಷನ್ ಅಪೀಲು. ಶಿಕ್ಷೆ ತಪ್ಪಿಗೆ ಮೀರಿದ್ದು ಎನ್ನಿಸಿದರೆ ಮಂಡಳಿ ಅದನ್ನು ಇಳಿಸಬಹುದು. ಅಪರೂಪಕ್ಕೆ ಏರಿಸುವ ಅಧಿಕಾರವೂ ಅದಕ್ಕಿದೆ ಎಂಬುದನ್ನು ಮರೆಯಬೇಡಿ.

ಇನ್ನು ದುಡ್ಡಿನ ಮಾತು. ಕಂಟೋನ್ಮೆಂಟ್ ಇರುವ ಊರುಗಳಲ್ಲಿ 'ಪಿಂಚಣಿ ಮಾಡಿಸಿಕೊಡುತ್ತೇವೆ, ಬಾಕಿ ಬಂದ ಮೇಲೆ ಅರ್ಧ ಕೊಡಿ' ಎನ್ನುವ ಏಜೆಂಟರಿದ್ದಾರೆ. ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಬೇಡ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಮೊದಲು ಹೋಗಿ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರು ಮತ್ತು ಅವರ ಕುಟುಂಬಗಳಿಗಾಗಿ ವೀರ್ ಪರಿವಾರ್ ಸಹಾಯತಾ ಎಂಬ ಯೋಜನೆ ಶುರು ಮಾಡಿದೆ. ಸೈನಿಕ ಬೋರ್ಡುಗಳಲ್ಲೇ ಕಾನೂನು ನೆರವು ಕೊಡಿಸುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯಲ್ಲಿ ಯಾವ ದಿನ ವಕೀಲರು ಕೂರುತ್ತಾರೆ ಎಂದು ವಿಚಾರಿಸಿ.

ಗೆದ್ದರೆ ಏನು ಸಿಗುತ್ತದೆ? ಕಳೆದ ವರ್ಷಗಳ ಸಂಬಳ ಸಿಗುವುದಿಲ್ಲ. ಪಿಂಚಣಿ ಬಾಕಿ ಮೂರು ವರ್ಷದ್ದು ಸಿಗಬಹುದು, ಆಗ ತೆಗೆದುಕೊಂಡ ಗ್ರಾಚ್ಯುಟಿಯನ್ನು ಅದರಲ್ಲಿ ಹಿಡಿದುಕೊಳ್ಳಬಹುದು. ಮುಂದೆ ತಿಂಗಳು ತಿಂಗಳೂ ಪಿಂಚಣಿ. ಅದರ ಜೊತೆಗೆ ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಕಾರ್ಡ್. ಕೇಂದ್ರ ಸರ್ಕಾರದ 1979ರ ಮರುನೇಮಕ ನಿಯಮದಲ್ಲಿ ದುರ್ನಡತೆಗೆ ಹೋದವನನ್ನು ಮಾಜಿ ಸೈನಿಕ ಎಂದೇ ಎಣಿಸುವುದಿಲ್ಲ. ಆದೇಶ ರದ್ದಾದರೆ ಆ ಅಡ್ಡಿಯೂ ಹೋಗುತ್ತದೆ. ಇದೆಲ್ಲಕ್ಕಿಂತ ದೊಡ್ಡದು ನಿಮ್ಮ ನಂತರ ಮನೆಯವರಿಗೆ ಬರುವ ಕುಟುಂಬ ಪಿಂಚಣಿ. ನಿಮಗೆ 47, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮನೆಯವರ ಹೆಸರು ನಿಮ್ಮ ಶೀಟ್ ರೋಲ್‌ನಲ್ಲಿ ಸರಿಯಾಗಿ ಬರೆದಿದೆಯಾ, ಆಧಾರ್‌ಗೆ ಹೊಂದುತ್ತದಾ ಎಂದು ಮಾಹಿತಿ ಹಕ್ಕಿನ ಕಾಗದ ಬಂದ ದಿನವೇ ನೋಡಿ. ಎಂಟ್ರಿಗಳು ಮಾತ್ರ ಅಳಿಯುವುದಿಲ್ಲ. ಐದೂ ಅಲ್ಲೇ ಇರುತ್ತವೆ.

ಆಗುತ್ತದಾ ಇಲ್ಲವಾ ಎಂದು ನೇರವಾಗಿ ಕೇಳಿದರೆ: ತಡ ಮನ್ನಾ ಆದರೆ ನಿಮಗೆ ಒಳ್ಳೆಯ ಅವಕಾಶ ಇದೆ ಎಂದು ನನ್ನ ಅನಿಸಿಕೆ. ನಾಲ್ಕು ಎಂಟ್ರಿ ರಜೆ ಮೀರಿದ್ದಕ್ಕೆ, ಯಾರ ಮೇಲೂ ಕೈ ಮಾಡಿದ್ದಕ್ಕಲ್ಲ, ಕದ್ದದ್ದಕ್ಕಲ್ಲ. ಹದಿನಾಲ್ಕು ವರ್ಷ ದಾಟಿತ್ತು. ಸೇನಾ ಕಾಯ್ದೆಯ 39ನೇ ಸೆಕ್ಷನ್ ಕೂಡ ರಜೆ ಮೀರುವುದನ್ನು ಸುಮ್ಮನೆ ತಪ್ಪು ಅನ್ನುವುದಿಲ್ಲ, 'ಸಾಕಷ್ಟು ಕಾರಣವಿಲ್ಲದೆ' ಮೀರಿದರೆ ತಪ್ಪು ಅನ್ನುತ್ತದೆ. 62 ದಿನಕ್ಕೆ ನಿಮಗೆ ಕಾರಣ ಇತ್ತು.

ಕೆಲವು ವರ್ಷದ ಹಿಂದೆ ನಿಮ್ಮಂಥವರೊಬ್ಬರ ಹೆಂಡತಿ ನನ್ನ ಆಫೀಸಿಗೆ ಬಂದಿದ್ದರು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ಆಕೆ ಒಂದು ಪ್ಲಾಸ್ಟಿಕ್ ಕೈಚೀಲ ಮೇಜಿನ ಮೇಲೆ ಸುರಿದರು. ಮಾಸಿದ ರೈಲು ಟಿಕೆಟ್, ಔಷಧಿ ಅಂಗಡಿಯ ಬಿಲ್ಲು, ಹಾವು ಕಚ್ಚಿದ ಮಗನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದ ಚೀಟಿ. ನಾನು ಕಂಡಕ್ಟ್ ಶೀಟ್ ಪಕ್ಕಕ್ಕಿಟ್ಟು ಒಂದೊಂದೇ ತಾರೀಖು ಹೊಂದಿಸುತ್ತಾ ಹೋದೆ. ಕೆಂಪು ಶಾಯಿಯಲ್ಲಿ '31 ದಿನ' ಎಂದು ಬರೆದಿದ್ದ ಜಾಗಕ್ಕೆ ಆಸ್ಪತ್ರೆಯ 26 ದಿನ ಸರಿಯಾಗಿ ಕೂತವು. ಅಷ್ಟು ವರ್ಷ ಆ ಚೀಲ ಅಟ್ಟದ ಮೇಲೆ ಇತ್ತು. ಯಾರೂ ಕೇಳಿರಲಿಲ್ಲ, ಅವರೂ ಕೊಟ್ಟಿರಲಿಲ್ಲ.

ನಿಮ್ಮ ಮನೆಯ ಟ್ರಂಕ್ ತೆಗೆಸಿ. ಅಪ್ಪನ ಆಸ್ಪತ್ರೆ ಚೀಟಿ ಸಿಗದಿದ್ದರೆ ಮರಣ ಪ್ರಮಾಣಪತ್ರವಂತೂ ಸಿಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಹಳೆಯದನ್ನೂ ಕೊಡುತ್ತಾರೆ. ಅದರಲ್ಲಿರುವ ತಾರೀಖು ನಿಮ್ಮ 62 ದಿನದ ಒಳಗೆ ಬೀಳುತ್ತದಾ ನೋಡಿ. ಬಿದ್ದರೆ ಅದನ್ನು ಅರ್ಜಿಯ ಮೊದಲ ಲಗತ್ತು ಮಾಡಿ, ಡಿಸ್ಚಾರ್ಜ್ ಬುಕ್ಕಿಗಿಂತಲೂ ಮುಂಚೆ.